ಸಂಡೇ ಸ್ಕೂಲಿನ ಒಂದು ಗಂಟೆ: ಮೊಬೈಲ್ ಕಾಲದ ಮಕ್ಕಳಿಗೆ ತರಗತಿ ನಡೆಸುವ ಬಗೆ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಚರ್ಚಿನ ಸಂಡೇ ಸ್ಕೂಲಿಗೆ, ಅಂದರೆ ಮಕ್ಕಳ ಬೈಬಲ್ ತರಗತಿಗೆ, ಬರುವ ಹತ್ತು ವರ್ಷದ ಹುಡುಗ ಹಿಂದಿನ ರಾತ್ರಿ ನಿದ್ದೆ ಹತ್ತುವವರೆಗೆ ಮೊಬೈಲಿನಲ್ಲಿ ಶಾರ್ಟ್ಸ್ (ಚುಟುಕು ವಿಡಿಯೊ) ನೋಡಿರುತ್ತಾನೆ. ಒಂದು ಹಿಡಿಸದಿದ್ದರೆ ಬೆರಳಲ್ಲಿ ತಳ್ಳಿದರಾಯಿತು, ಇನ್ನೊಂದು ಬರುತ್ತದೆ. ಅಂಥವನ ಮುಂದೆ ನಿಂತು ಪಾಠದ ಪುಸ್ತಕ ಓದಿ ಹೇಳಿದರೆ ಎರಡನೇ ನಿಮಿಷಕ್ಕೇ ಅವನ ಕಣ್ಣು ಕಿಟಕಿಗೆ ಹೋಗುತ್ತದೆ. ಇದನ್ನು ಕಂಡ ಎಷ್ಟೋ ಸಭೆಗಳು (ಚರ್ಚಿನ ಸಮುದಾಯಗಳು) ಮೊದಲು ಮಾಡುವ ಕೆಲಸ ಪ್ರೊಜೆಕ್ಟರ್ ಕೊಳ್ಳುವುದು. ಎಡವುವುದೂ ಅಲ್ಲೇ. ಬೆಳಗಿನ ಬೆಳಕಿಗೆ ಚಿತ್ರ ಮಸುಕಾಗುತ್ತದೆ, ಕೇಬಲ್ ಹುಡುಕುವುದರಲ್ಲಿ ಹತ್ತು ನಿಮಿಷ ಕಳೆಯುತ್ತದೆ, ಕರೆಂಟ್ ಹೋದರೆ ಪಾಠವೂ ಹೋಗುತ್ತದೆ. ಎಲ್ಲ ಸರಿಯಾಗಿ ನಡೆದರೂ ಮುಂದಿನ ವಾರ ಅದಕ್ಕಿಂತ ಚೆಂದದ್ದು ತರಬೇಕು. ಆ ಓಟದಲ್ಲಿ ಚರ್ಚು ಗೆಲ್ಲುವುದಿಲ್ಲ, ಓಡಬೇಕಾಗಿಯೂ ಇಲ್ಲ.

ಸಂಡೇ ಸ್ಕೂಲಿನ ಬಂಡವಾಳವೇ ಬೇರೆ. ಮಗುವಿನ ಹೆಸರು, ಅದರ ತಂಗಿಯ ಹೆಸರು, ಹೋದ ವಾರ ಅದಕ್ಕೆ ಜ್ವರ ಬಂದಿದ್ದು ಎಲ್ಲ ಗೊತ್ತಿರುವ ಒಬ್ಬ ಅಕ್ಕನೋ ಅಣ್ಣನೋ ಅಲ್ಲಿರುತ್ತಾರೆ. ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ. ಮುಟ್ಟಿ, ಎತ್ತಿ, ಅಳೆದು ನೋಡಬಹುದು. ಇಪ್ಪತ್ತು ಗಂಟಲು ಒಟ್ಟಿಗೆ ಹಾಡುತ್ತವೆ. ಆ ಗಂಟೆಯನ್ನು ಇವುಗಳ ಮೇಲೆಯೇ ಕಟ್ಟಬೇಕು. ಇಪ್ಪತ್ತರಿಂದ ನಲವತ್ತು ಮಕ್ಕಳು, ಒಂದು ಹಾಲ್ (ದೊಡ್ಡ ಕೋಣೆ), ಆರೇಳು ಟೀಚರುಗಳು ಇರುವ ಕನ್ನಡ ಸಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಮೊದಲು ಮಕ್ಕಳ ವಾರ ತಿಳಿಯಿರಿ

1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೈಕ್ಸ್ ಭಾನುವಾರದ ಶಾಲೆ ಶುರು ಮಾಡಿದ್ದು ಅಲ್ಲಿನ ಮಕ್ಕಳ ಆರು ದಿನ ಹೇಗೆ ಕಳೆಯುತ್ತದೆ ಎಂದು ನೋಡಿದ ಮೇಲೆ. ವಾರವೆಲ್ಲ ದುಡಿಯುತ್ತಿದ್ದ ಮಕ್ಕಳಿಗೆ ಅಕ್ಷರ ಕಲಿಯಲು ಉಳಿದದ್ದು ಆ ಒಂದು ದಿನ. ನೀವೂ ಅಲ್ಲಿಂದಲೇ ಹೊರಡಿ. ಜೂನ್ ತಿಂಗಳಲ್ಲಿ, ಹೊಸ ತರಗತಿ ಶುರುವಾಗುವಾಗ, ಪ್ರತಿ ಮಗುವಿಗೂ ಅರ್ಧ ಹಾಳೆ ಕೊಡಿ. ಪ್ರಶ್ನೆ ಮೂರೇ: ಈ ವಾರ ಮೊಬೈಲಿನಲ್ಲೋ ಟಿವಿಯಲ್ಲೋ ಏನು ನೋಡಿದೆ? ಯಾರ ಜೊತೆ ಕೂತು ನೋಡಿದೆ? ನೋಡುವಾಗ ಯಾವುದಕ್ಕಾದರೂ ಹೆದರಿಕೆಯಾಯಿತೇ? ಹೆಸರು ಬರೆಸಬೇಡಿ. ಬರೆಯಲು ಬಾರದ ಚಿಕ್ಕವರು ಚಿತ್ರ ಬಿಡಿಸಲಿ.

ಉತ್ತರ ಓದಿ ಒಂದು ಮಾತೂ ಬೈಯಬೇಡಿ. ಒಮ್ಮೆ ಬೈದರೆ ಮುಂದಿನ ಸಲ ಎಲ್ಲ ಹಾಳೆಯಲ್ಲೂ "ಬೈಬಲ್ ಕಥೆ ನೋಡಿದೆ" ಎಂದೇ ಇರುತ್ತದೆ. ಎರಡನೇ ಪ್ರಶ್ನೆಗೆ "ಒಬ್ಬನೇ" ಎಂಬ ಉತ್ತರ ಹೆಚ್ಚಿದ್ದರೆ ಮೊದಲು ಮಾತಾಡಬೇಕಾದ್ದು ತಂದೆತಾಯಿಯ ಹತ್ತಿರ.

ಗುಂಪು, ಜಾಗ, ಜನ

ಮೂರು ಗುಂಪು ಸಾಕು: 4ರಿಂದ 6 ವರ್ಷ, 7ರಿಂದ 10, 11ರಿಂದ 14. ಚಿಕ್ಕವರಲ್ಲಿ ಎಂಟು ಮಕ್ಕಳಿಗೆ ಒಬ್ಬರು, ದೊಡ್ಡವರಲ್ಲಿ ಹನ್ನೆರಡು ಮಕ್ಕಳಿಗೆ ಒಬ್ಬರು ಇದ್ದರೆ ಹಿಡಿತ ತಪ್ಪುವುದಿಲ್ಲ. ಆದರೆ ಯಾವ ಗುಂಪಿನಲ್ಲೂ ದೊಡ್ಡವರು ಒಬ್ಬರೇ ಇರಬಾರದು, ಇಬ್ಬರಿರಲೇಬೇಕು. ಒಬ್ಬರು ಕಥೆ ಹೇಳುವಾಗ ಇನ್ನೊಬ್ಬರು ಅಳುವ ಮಗುವನ್ನು ಹೊರಗೆ ಕರೆದೊಯ್ಯಬಹುದು. ಮಕ್ಕಳ ಸುರಕ್ಷತೆಗೂ ಇದೇ ನಿಯಮ ಬುನಾದಿ. ಆ ಮಾತು ಮುಂದೆ ಬರುತ್ತದೆ.

ಒಂದೇ ಹಾಲಿನ ಮೂರು ಮೂಲೆಯಲ್ಲಿ ಮೂರು ಗುಂಪು ಕೂರಿಸುವುದು ಎಲ್ಲ ಕಡೆ ಕಾಣುವ ತಪ್ಪು. ಒಂದು ಮೂಲೆಯ ನಗು ಇನ್ನೊಂದು ಮೂಲೆಯ ಪ್ರಾರ್ಥನೆಯನ್ನು ನುಂಗುತ್ತದೆ. ಹಾಡು ಎಲ್ಲರೂ ಒಟ್ಟಿಗೆ ಹಾಡಲಿ, ಆಮೇಲೆ ಚೆದುರಿ: ಚಿಕ್ಕವರು ಹಾಲಿನಲ್ಲಿ ಚಾಪೆಯ ಮೇಲೆ, ನಡುವಿನವರು ವರಾಂಡದಲ್ಲಿ, ದೊಡ್ಡವರು ಕಾಂಪೌಂಡಿನ ಮರದಡಿ. ವರಾಂಡದವರು ರಸ್ತೆಗೆ ಬೆನ್ನು ಹಾಕಿ ಕೂರಲಿ. ಟೀಚರ್ ಗೋಡೆಗೆ ಬೆನ್ನು ಕೊಟ್ಟು ಕೂತರೆ ರಸ್ತೆಯಲ್ಲಿ ಹೋಗುವ ಬಸ್ಸು ಅವರೊಬ್ಬರಿಗೇ ಕಾಣುತ್ತದೆ.

ಅರವತ್ತು ನಿಮಿಷದ ಹಂಚಿಕೆ

ಮೊದಲ ಹತ್ತು ನಿಮಿಷ ಬರುವವರಿಗೆ. ಎಲ್ಲರೂ ಬರಲಿ ಎಂದು ಕಾದರೆ ಬೇಗ ಬಂದವರಿಗೆ ಶಿಕ್ಷೆ. ಹಾಗಾಗಿ ಬಾಗಿಲಲ್ಲೇ ಏನಾದರೂ ಕೈಕೆಲಸ ಇಡಿ: ಇಂದಿನ ಕಥೆಯ ಒಂದು ವಸ್ತುವನ್ನು ಬಟ್ಟೆಚೀಲದಲ್ಲಿ ಹಾಕಿ, ಕೈ ತೂರಿಸಿ ಮುಟ್ಟಿ ಏನೆಂದು ಊಹಿಸಲಿ. ಮುಂದಿನ ಹತ್ತು ನಿಮಿಷ ಹಾಡು. ನಂತರ ಹನ್ನೆರಡು ನಿಮಿಷ ಕಥೆ, ಹದಿನೈದು ನಿಮಿಷ ಕೈಯಿಂದ ಮಾಡುವ ಕೆಲಸ ಮತ್ತು ಮಾತು, ಎಂಟು ನಿಮಿಷ ಕಂಠಪಾಠ, ಐದು ನಿಮಿಷ ಪ್ರಾರ್ಥನೆ ಮತ್ತು ಕಾಣಿಕೆ. 4ರಿಂದ 6 ವರ್ಷದವರಿಗೆ ಕಥೆಯನ್ನು ಆರು ನಿಮಿಷಕ್ಕೆ ಇಳಿಸಿ, ಉಳಿದ ಸಮಯ ಕೈಕೆಲಸಕ್ಕೆ ಕೊಡಿ.

ಹಾಡಿಗೆ ಮೊಬೈಲಿನ ಟ್ರ್ಯಾಕ್ ಹಾಕಬೇಡಿ. ಟ್ರ್ಯಾಕ್ ಮಕ್ಕಳಿಗಾಗಿ ನಿಲ್ಲುವುದಿಲ್ಲ, ಅವರೇ ಅದರ ಹಿಂದೆ ಓಡಬೇಕು. ಹಾರ್ಮೋನಿಯಂ ಇದ್ದರೆ ಸರಿ, ಇಲ್ಲದಿದ್ದರೆ ಚಪ್ಪಾಳೆ ಸಾಕು. ಶ್ರುತಿಯನ್ನು ಗಂಡಸರು ಎತ್ತಿದರೆ ಮಕ್ಕಳ ಗಂಟಲಿಗೆ ತೀರಾ ಕೆಳಗಾಗುತ್ತದೆ, ಪಲ್ಲವಿಯನ್ನು ಒಬ್ಬ ಹುಡುಗಿಯಿಂದ ಎತ್ತಿಸಿ. ತಿಂಗಳಿಗೆ ಒಂದೇ ಹೊಸ ಹಾಡು. ಉಳಿದವು ಬಾಯಿಪಾಠವಾದವೇ ಆಗಿರಲಿ, ಅದರಲ್ಲೂ ಎರಡು ಆಕ್ಷನ್ ಸಾಂಗ್ ಇರಲಿ. ಕೂತ ಕಾಲುಗಳಿಗೆ ಕೆಲಸ ಸಿಕ್ಕಿದರೆ ಕಥೆಗೆ ಕಿವಿ ಸಿಗುತ್ತದೆ.

ಕಥೆ: ಬುಧವಾರದ ಕೆಲಸ

ಟೀಚರ್ ಮೊಬೈಲ್ ಹಿಡಿದು ಪಾಠ ಓದಿದ ದಿನ ಆ ಪಾಠ ಮುಗಿದಂತೆ. ಮಕ್ಕಳಿಗೆ ಕಾಣುವುದು ಪರದೆ ನೋಡುತ್ತಿರುವ ಇನ್ನೊಬ್ಬ ದೊಡ್ಡವರು. ಅಂಥವರು ಮನೆಯಲ್ಲಿ ಬೇಕಾದಷ್ಟಿದ್ದಾರೆ.

ಬುಧವಾರದ ಹೊತ್ತಿಗೆ ಆ ವಾರದ ಕಥೆಯ ಭಾಗವನ್ನು ಸತ್ಯವೇದದಿಂದಲೇ (ಬೈಬಲಿನಿಂದಲೇ) ಗಟ್ಟಿಯಾಗಿ ಮೂರು ಸಲ ಓದಿ. ಒಂದು ಚೀಟಿಯಲ್ಲಿ ಐದು ಸಾಲು ಬರೆದುಕೊಳ್ಳಿ: ಯಾರು, ಎಲ್ಲಿ, ಏನು ಕಷ್ಟ, ಎಲ್ಲಿ ತಿರುಗಿತು, ಹೇಗೆ ಮುಗಿಯಿತು. ಮೊದಲ ವಾಕ್ಯ, ಕೊನೆಯ ವಾಕ್ಯ ಎರಡನ್ನೂ ಬಾಯಿಪಾಠ ಮಾಡಿ. ನಡುವಿನದು ನಿಮ್ಮ ಮಾತಿನಲ್ಲೇ, ನಿಮ್ಮ ಊರಿನ ಕನ್ನಡದಲ್ಲೇ ಬರಲಿ. ಧಾರವಾಡದ ಮಗುವಿಗೆ "ಅಂವ ಏನ್ ಮಾಡಿದ ಗೊತ್ತೇನ?" ಎಂದರೆ ಕಿವಿ ನೆಟ್ಟಗಾಗುತ್ತದೆ.

ಇನ್ನು ಕೈಗೆ ಏನು ಕೊಡುವುದು? ಹುಡುಗ ದಾವೀದ ದೈತ್ಯ ಗೊಲ್ಯಾತನನ್ನು ಕವಣೆಕಲ್ಲಿನಿಂದ ಬೀಳಿಸಿದ ಕಥೆ ತೆಗೆದುಕೊಳ್ಳಿ. ಈ ಕಥೆಯ ಕಾರ್ಟೂನನ್ನು ಮಕ್ಕಳು ನೋಡಿಯೇ ಇರುತ್ತಾರೆ, ಅದರಲ್ಲಿ ಗೊಲ್ಯಾತ ಆರು ಅಂಗುಲದ ಪರದೆಯೊಳಗೆ ಹಿಡಿಸುವಷ್ಟೇ ದೊಡ್ಡವನು. ಸತ್ಯವೇದದ 1 ಸಮುವೇಲ ಪುಸ್ತಕದ 17ನೇ ಅಧ್ಯಾಯದಲ್ಲಿ ಅವನ ಎತ್ತರ ಆರೂವರೆ ಮೊಳ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿವರೆಗೆ, ದೊಡ್ಡವರ ಕೈಯಲ್ಲಿ ಸುಮಾರು ಒಂದೂವರೆ ಅಡಿ. ಲೆಕ್ಕ ಹಾಕಿದರೆ ಒಂಬತ್ತು ಅಡಿ ಒಂಬತ್ತು ಅಂಗುಲ. ಹೂ ಮಾರುವವರು ಮೊಳ ಹಾಕುವುದನ್ನು ನೋಡಿದ ಮಕ್ಕಳಿಗೆ ಅಳತೆ ಹೇಳಿಕೊಡಬೇಕಾಗಿಲ್ಲ. ಟೀಚರ ಕೈಯಿಂದಲೇ ಅಳೆದು ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಉದ್ದ ಗುರುತಿಸಿ, ಒಬ್ಬ ಹುಡುಗನನ್ನು ಪಕ್ಕದಲ್ಲಿ ಮಲಗಿಸಿ. ಗೋಡೆಯ ಮೇಲೆ ಗುರುತಿಸಲು ಹೋದರೆ ಸ್ಟೂಲು ಹತ್ತಬೇಕಾಗುತ್ತದೆ, ಅದು ಬೇಡ. ಮಕ್ಕಳ ಕೈಯಿಂದ ಅಳೆಸಬೇಡಿ, ಗೊಲ್ಯಾತ ಕುಳ್ಳನಾಗಿಬಿಡುತ್ತಾನೆ. ಆದರೆ ಹಾಗೆ ಏಕಾಗುತ್ತದೆ ಎಂದು ಕೇಳುವುದು ಒಳ್ಳೆಯ ಪ್ರಶ್ನೆ.

ಅವನ ಭರ್ಜಿಯ ಅಲಗಿನ ತೂಕ ಆರುನೂರು ಶೆಕೆಲ್, ಈಗಿನ ಲೆಕ್ಕಕ್ಕೆ ಸುಮಾರು ಏಳು ಕೆಜಿ. ಏಳು ಕೆಜಿ ಅಕ್ಕಿಯ ಚೀಲ ತಂದಿಟ್ಟು ಪ್ರತಿಯೊಬ್ಬರೂ ಎರಡೂ ಕೈಯಲ್ಲಿ ಮೊಣಕಾಲ ಎತ್ತರಕ್ಕೆ ಎತ್ತಲಿ. ಚೀಲ ಇಳಿಸಿದ ಮೇಲೆ ಕೈಗೆ ಒಂದು ನುಣುಪಾದ ಕಲ್ಲು ಕೊಡಿ. ದಾವೀದ ಹಳ್ಳದಿಂದ ಆರಿಸಿದ್ದು ಅಂಥ ಐದು. ಇಷ್ಟಾದ ಮೇಲೆ ನೀವು ವಿವರಿಸಬೇಕಾದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಕಲ್ಲುಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳಿ, ಕವಣೆ ಮಾತ್ರ ತರಗತಿಗೆ ತರಬೇಡಿ, ಕಾರಣ ಹೇಳಬೇಕಾಗಿಲ್ಲ. ದೊಡ್ಡ ಗುಂಪಿನಲ್ಲಿ ಯಾರಾದರೂ ಮೊಬೈಲಿನಲ್ಲಿ ಓದಿಕೊಂಡು "ನಾಲ್ಕೂವರೆ ಮೊಳ ಅಂತಲೂ ಇದೆಯಲ್ಲ" ಎಂದರೆ ಗದರಬೇಡಿ. ಹಳೆಯ ಗ್ರೀಕ್ ಅನುವಾದದಲ್ಲೂ ಸತ್ತ ಸಮುದ್ರದ ಬಳಿ ಸಿಕ್ಕ ಸುರುಳಿಯೊಂದರಲ್ಲೂ ಹಾಗೇ ಇದೆ. ಅಂದರೆ ಆರು ಅಡಿ ಒಂಬತ್ತು ಅಂಗುಲ, ಆಗಲೂ ಊರಿನಲ್ಲೇ ಎತ್ತರದವನು.

ಯೇಸುವಿನ ಮಾತಿಗೆ ಬಿರುಗಾಳಿ ಶಾಂತವಾದ ಕಥೆಗೆ (ಮಾರ್ಕ 4:35-41) ಡಬಲ್ ಬೆಡ್‌ಶೀಟ್ ಒಂದು, ಕಾಗದದ ದೋಣಿ ಒಂದು. ಎಂಟು ಮಕ್ಕಳು ಅಂಚು ಹಿಡಿದು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಅಲುಗಿಸಲಿ. "ಸುಮ್ಮನಿರು" ಎಂದೊಡನೆ ಎಲ್ಲರೂ ಬಟ್ಟೆಯನ್ನು ಬಿಗಿಯಾಗಿ ಎಳೆದು ನಿಲ್ಲಬೇಕು. ಈ ಸೂಚನೆಯನ್ನು ಕಥೆಗೆ ಮೊದಲೇ ಎರಡು ಸಲ ಅಭ್ಯಾಸ ಮಾಡಿಸದಿದ್ದರೆ ಗಾಳಿ ನಿಲ್ಲುವುದೇ ಇಲ್ಲ, ದೋಣಿ ಫ್ಯಾನಿಗೆ ಸಿಕ್ಕಿಕೊಳ್ಳುತ್ತದೆ. ಫ್ಯಾನ್ ಆರಿಸಿಯೇ ಶುರು ಮಾಡಿ. ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬಿಗೆ ಒರಗಿ ಮಲಗಿದ್ದ ಎಂದು ಮಾರ್ಕನು ಬರೆದಿದ್ದಾನೆ. ಆ ದಿಂಬನ್ನು ಬಿಡಬೇಡಿ, ಮಕ್ಕಳು ಮನೆಗೆ ಹೋಗಿ ಹೇಳುವುದು ಅದನ್ನೇ.

ಫ್ಲ್ಯಾನೆಲ್ ಬೋರ್ಡ್ ಹಳೆಯದಾಯಿತೆಂದು ಅಟ್ಟಕ್ಕೆ ಹಾಕಿದ್ದರೆ ಇಳಿಸಿ. ಮೂರು ಅಡಿಗೆ ನಾಲ್ಕು ಅಡಿಯ ಪ್ಲೈವುಡ್ ಅಥವಾ ದಪ್ಪ ರಟ್ಟು, ಅದರ ಮೇಲೆ ಬಿಗಿಯಾಗಿ ಎಳೆದ ತಿಳಿನೀಲಿ ಫ್ಲ್ಯಾನೆಲ್, ಚಿತ್ರಗಳ ಹಿಂದೆ ಅಂಟಿಸಿದ ಫ್ಲ್ಯಾನೆಲ್ ಚೂರು. ಚಿತ್ರ ಜಾರಿ ಬೀಳುತ್ತಿದ್ದರೆ ಬೋರ್ಡ್ ನೆಟ್ಟಗೆ ನಿಂತಿದೆ ಎಂದರ್ಥ, ಸ್ವಲ್ಪ ಹಿಂದಕ್ಕೆ ವಾಲಿಸಿ. ಯೇಸುವನ್ನು ನೋಡಲು ಮರ ಹತ್ತಿದ ಜಕ್ಕಾಯನನ್ನು ಮಗುವೇ ಎದ್ದು ಬಂದು ಆ ಮರದ ಮೇಲೆ ಅಂಟಿಸಬಹುದು. ಈ ಬೋರ್ಡಿನ ಬೆಲೆಯೆಲ್ಲ ಅದರಲ್ಲಿದೆ.

ಪ್ರಶ್ನೆ ಕೇಳುವಾಗ "ಯೇಸು", "ಪ್ರಾರ್ಥನೆ", "ಪ್ರೀತಿ" ಎಂಬ ಉತ್ತರಕ್ಕೆ ದಾರಿ ಮಾಡುವ ಪ್ರಶ್ನೆ ಬೇಡ. ಮಕ್ಕಳು ಆ ಮೂರನ್ನು ಕಥೆ ಕೇಳದೆಯೂ ಹೇಳುತ್ತಾರೆ. "ದೋಣಿಯಲ್ಲಿ ನೀನಿದ್ದಿದ್ದರೆ ಯಾರನ್ನು ಎಬ್ಬಿಸುತ್ತಿದ್ದೆ?" ಎಂದು ಕೇಳಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಮೌನ ಟೀಚರಿಗೆ ಕಷ್ಟ, ಮಗು ಯೋಚಿಸುವುದು ಆಗಲೇ.

ಕಂಠಪಾಠ

ವಾರಕ್ಕೊಂದು ವಚನ (ಬೈಬಲಿನ ವಾಕ್ಯ) ಬೇಡ, ಎರಡು ವಾರಕ್ಕೊಂದು ಸಾಕು. ವಾರಕ್ಕೊಂದು ಕಲಿಸಿದರೆ ವರ್ಷದ ಕೊನೆಗೆ ಬಹುಮಾನ ಸಿಗುತ್ತದೆ, ವಚನ ಉಳಿಯುವುದಿಲ್ಲ. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ: "ನಿನ್ನ ವಾಕ್ಯವು ನನ್ನ ಕಾಲಿಗೆ ದೀಪವೂ ನನ್ನ ದಾರಿಗೆ ಬೆಳಕೂ ಆಗಿದೆ", ಕೀರ್ತನೆ 119:105. ಒಟ್ಟು ಒಂಬತ್ತು ಪದ. ಒಮ್ಮೆ ಎಲ್ಲರೂ ಓದಿದ ಮೇಲೆ ಒಂದು ಪದ ಅಳಿಸಿ ಮತ್ತೆ ಓದಿಸಿ. ಮೊದಲು "ನನ್ನ", ಆಮೇಲೆ ಇನ್ನೊಂದು "ನನ್ನ", ಆಮೇಲೆ "ಆಗಿದೆ". "ದೀಪ", "ಬೆಳಕು" ಕೊನೆಗೆ ಹೋಗಲಿ. ಕೊನೆಯಿಂದ ಸಾಲಾಗಿ ಅಳಿಸುತ್ತ ಬಂದರೆ ಮಕ್ಕಳಿಗೆ ಮೊದಲರ್ಧ ಮಾತ್ರ ಬರುತ್ತದೆ. ಅಧ್ಯಾಯ ಸಂಖ್ಯೆಯನ್ನು ಮೊದಲೂ ಕೊನೆಗೂ ಹೇಳಿಸಿ.

ಬೆಂಗಳೂರಿನಂಥ ಕಡೆ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡ ಓದಲು ತಡವರಿಕೆ. ಅದಕ್ಕಾಗಿ ವಚನವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುವ ರೂಢಿಯಿದೆ, ನಮ್ಮ ಪ್ರಕಾರ ಅದು ಬೇಡ. ಊರುಗೋಲು ಕೊಟ್ಟರೆ ಕೈಬಿಡುವುದಿಲ್ಲ. ಕನ್ನಡದಲ್ಲೇ ಬರೆದು ಬೆರಳಿಟ್ಟು ನಿಧಾನವಾಗಿ ಓದಿಸಿ. ಶಾಲೆಯಲ್ಲಿ ಹಿಂದುಳಿದ ಕನ್ನಡ ಇಲ್ಲಿ ಸುಧಾರಿಸಿದ ಮಕ್ಕಳು ಕಡಿಮೆಯಿಲ್ಲ.

ವಾರವಾರ ಚಾಕೊಲೇಟ್ ಹಂಚಬೇಡಿ. ಮೊದಲ ತಿಂಗಳು ಸಂತೋಷ, ಎರಡನೇ ತಿಂಗಳು ಲೆಕ್ಕ, ಮೂರನೇ ತಿಂಗಳು ಜಗಳ.

ತಿಂಗಳಿಗೊಮ್ಮೆ ವಿಡಿಯೊ, ತಪ್ಪು ಹುಡುಕಲು

ಪರದೆಯನ್ನು ಪೂರ್ತಿ ಹೊರಗಿಟ್ಟರೆ ಮಕ್ಕಳು ನೋಡುವುದನ್ನು ಒಬ್ಬರೇ ನೋಡುತ್ತಾರೆ. ಹತ್ತು ವರ್ಷ ದಾಟಿದವರಿಗೆ ತಿಂಗಳಿಗೊಂದು ಭಾನುವಾರ ಎರಡು ಮೂರು ನಿಮಿಷದ ಬೈಬಲ್ ವಿಡಿಯೊ ತೋರಿಸಿ, ಕೈಯಲ್ಲಿ ಸತ್ಯವೇದ ಕೊಟ್ಟು "ಇದರಲ್ಲಿ ಬರೆದಿರುವುದು ಯಾವುದು, ಸೇರಿಸಿರುವುದು ಯಾವುದು?" ಎಂದು ಹುಡುಕಿಸಿ. ಈಗ ಎಐನಿಂದ ಮಾಡಿದ ಬೈಬಲ್ ವಿಡಿಯೊಗಳು ತುಂಬಿರುವುದರಿಂದ ತಪ್ಪಿಗೆ ಬರವಿಲ್ಲ.

ಕ್ರಿಸ್ಮಸ್ ಹತ್ತಿರ ಬಂದಾಗ ಮತ್ತಾಯ 2 ಒಳ್ಳೆಯ ಗಣಿ. ಹುಟ್ಟಿದ ಯೇಸುವನ್ನು ನೋಡಲು ಬಂದ ಜ್ಞಾನಿಗಳು ಮೂವರು ಎಂದು ಅಲ್ಲಿ ಎಲ್ಲೂ ಇಲ್ಲ, ಕಾಣಿಕೆ ಮಾತ್ರ ಮೂರು ಬಗೆ. ಅವರು ಕೂಸನ್ನು ಕಂಡದ್ದು ಮನೆಯಲ್ಲಿ, ಗೋದಲಿಯ (ದನದ ಮೇವಿನ ತೊಟ್ಟಿಯ) ಬಳಿ ಅಲ್ಲ (2:11). ಲೂಕ 2ರಲ್ಲಿ ಗೋದಲಿ ಇದೆ, ಹಸು ಕತ್ತೆಗಳ ಹೆಸರಿಲ್ಲ. ಯೋನನ ಪುಸ್ತಕದಲ್ಲಿರುವುದು ದೊಡ್ಡ ಮೀನು, ತಿಮಿಂಗಿಲ ಎಂದಿಲ್ಲ. ಏದೆನ್ ತೋಟದ ಹಣ್ಣು ಸೇಬು ಎಂದು ಆದಿಕಾಂಡ ಹೇಳುವುದಿಲ್ಲ. ಇದನ್ನೆಲ್ಲ ಹುಡುಕಿದ ಮೇಲೆ ಸಭೆಯ ಕ್ರಿಸ್ಮಸ್ ನಾಟಕವನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ, ನಾಟಕದ ಡೈರೆಕ್ಟರಿಗೆ ಮೊದಲೇ ಹೇಳಿಟ್ಟಿರಿ. ಅಕ್ಷರದ ಪಕ್ಕ ಇಟ್ಟು ನೋಡುವ ಈ ಅಭ್ಯಾಸ ವಾಟ್ಸಾಪ್ ಫಾರ್ವರ್ಡಿಗೂ ಬರುತ್ತದೆ.

ವಿಡಿಯೊವನ್ನು ಶನಿವಾರವೇ ಡೌನ್‌ಲೋಡ್ ಮಾಡಿಕೊಂಡು, ಪೂರ್ತಿ ನೋಡಿ, ಭಾನುವಾರ ಏರೋಪ್ಲೇನ್ ಮೋಡಿನಲ್ಲಿ ತೋರಿಸಿ. ಆನ್‌ಲೈನಿನಲ್ಲೇ ತೋರಿಸಿದರೆ ನಡುವೆ ಜಾಹೀರಾತು ಬರುತ್ತದೆ, ಮುಗಿದೊಡನೆ ಇನ್ನೊಂದು ತಾನೇ ಶುರುವಾಗುತ್ತದೆ. ಅದೇನು ಎಂಬುದು ನಿಮ್ಮ ಕೈಲಿಲ್ಲ.

ಫೋಟೊ, ಗ್ರೂಪ್, ಸುರಕ್ಷತೆ

ವಾಟ್ಸಾಪ್ ಗ್ರೂಪಿನಲ್ಲಿ ತಂದೆತಾಯಿ ಮಾತ್ರ ಇರಲಿ, ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿ, ಶನಿವಾರ ಸಂಜೆ ಒಂದೇ ಸಂದೇಶ: ನಾಳೆಯ ಕಥೆ, ವಚನ, ತರಬೇಕಾದ ವಸ್ತು. ಟೀಚರುಗಳು ಮಕ್ಕಳಿಗೆ ನೇರವಾಗಿ ಖಾಸಗಿ ಸಂದೇಶ ಕಳಿಸುವುದು ಬೇಡ, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ.

ಮಕ್ಕಳ ಫೋಟೊ, ವಿಡಿಯೊ ಹಾಕಲು ವರ್ಷದ ಆರಂಭದಲ್ಲೇ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಒಪ್ಪದವರ ಮಗುವನ್ನು ಫೋಟೊ ಹೊತ್ತಿಗೆ ಪಕ್ಕಕ್ಕೆ ಎಳೆಯಬೇಡಿ, ಆ ಫೋಟೊವನ್ನೇ ಹಾಕಬೇಡಿ. ಹೆಸರು, ಶಾಲೆ, ಮನೆಯ ಬೀದಿ ಯಾವುದೂ ಬರೆಯಬಾರದು. ಚರ್ಚಿನ ಯೂಟ್ಯೂಬ್ ಲೈವ್ ಇದ್ದರೆ ಮಕ್ಕಳ ಹಾಡಿನ ಹೊತ್ತಿಗೆ ಕ್ಯಾಮೆರಾ ಎಲ್ಲಿರಬೇಕೆಂದು ಮೊದಲೇ ಮಾತಾಡಿ.

ಬಾಗಿಲು ತೆರೆದೇ ಇರಲಿ. ಚಿಕ್ಕ ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ಯುವಾಗ ಇನ್ನೊಬ್ಬ ಟೀಚರಿಗೆ ತಿಳಿಸಿ ಹೋಗಿ. ಮಗುವೊಂದು ತನಗಾದ ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದರೆ ಅಥವಾ ಹಾಗೆ ಅನುಮಾನ ಬಂದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯಿದೆ. ಸಭಾಪಾಲಕರಿಗೂ ಕಮಿಟಿಗೂ ಹೇಳಿ, ಆದರೆ "ಸಭೆಯೊಳಗೇ ಸರಿಪಡಿಸೋಣ" ಎಂಬ ಮಾತಿಗೆ ಒಪ್ಪಬೇಡಿ. ಮಕ್ಕಳ ಸಹಾಯವಾಣಿ 1098, ಆ ಸಂಖ್ಯೆ ಹಾಲಿನ ಗೋಡೆಯ ಮೇಲೆ ಮಕ್ಕಳಿಗೆ ಕಾಣುವ ಎತ್ತರದಲ್ಲಿರಲಿ.

ಮನೆಯ ಆರು ದಿನ

ತಂದೆತಾಯಿಯ ಸಭೆಯನ್ನು ವರ್ಷಕ್ಕೆ ಎರಡು ಸಲ ಕರೆಯಿರಿ, ಅರ್ಧ ಗಂಟೆ ಸಾಕು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ ತಿಳಿಸಿ: ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ಐದಕ್ಕೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಐದರಿಂದ ಹತ್ತಕ್ಕೆ ಎರಡು ಗಂಟೆಗಿಂತ ಕಡಿಮೆ. ಅದರ ಜೊತೆಗೆ ಒಂದೇ ಒಂದು ಕೆಲಸ ಕೇಳಿ: ಸಂಜೆಯ ಕುಟುಂಬ ಪ್ರಾರ್ಥನೆ, ಹತ್ತು ನಿಮಿಷ, ಅಪ್ಪನ ಫೋನೂ ಸೇರಿ ಎಲ್ಲ ಫೋನು ಬೇರೆ ಕೋಣೆಯಲ್ಲಿ. ಒಂದು ಹಾಡು, ಭಾನುವಾರದ ವಚನ, ಮಗು ಹೇಳಿದ ಒಂದು ಪ್ರಾರ್ಥನೆ. ಅರ್ಧ ಗಂಟೆಯ ಯೋಜನೆ ಹಾಕಿಕೊಂಡ ಮನೆಗಳು ಎರಡನೇ ವಾರಕ್ಕೆ ಕೈಬಿಡುತ್ತವೆ.

ಆರಾಧನೆಯಲ್ಲಿ ಮಕ್ಕಳಿಗೆ ಕಾಗದದ ಸತ್ಯವೇದವೇ ಇರಲಿ. ಮೊಬೈಲ್ ಬೈಬಲ್ ಎಂದು ತೆರೆದದ್ದು ಎರಡನೇ ಬೈಬಲ್ ವಾಚನದ ಹೊತ್ತಿಗೆ ಗೇಮ್ ಆಗಿರುತ್ತದೆ. ಹಿಂದಿನ ಬೆಂಚಿನಲ್ಲಿ ದೊಡ್ಡವರೂ ಸ್ಟೇಟಸ್ ನೋಡುತ್ತಿದ್ದರೆ ಈ ನಿಯಮ ಮಕ್ಕಳಿಗೆ ಮಾತ್ರ ಹೇಳುವುದು ಕಷ್ಟ.

ದೃಢೀಕರಣದ ನಂತರ

ಹದಿನಾಲ್ಕು ಹದಿನೈದಕ್ಕೆ ದೃಢೀಕರಣ (ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿ) ಮುಗಿದೊಡನೆ ಹುಡುಗರು ಸಂಡೇ ಸ್ಕೂಲ್ ಬಿಡುತ್ತಾರೆ. ಅವರಿಗೆ ಪಾಠ ಬೇಡ, ಕೆಲಸ ಕೊಡಿ: ಚಿಕ್ಕವರ ಗುಂಪಿಗೆ ಸಹಾಯಕರು, ಹಾಡಿಗೆ ಗಿಟಾರ್, ಮೇ ತಿಂಗಳ ವಿಬಿಎಸ್‌ಗೆ (ರಜೆಯ ಬೈಬಲ್ ಶಾಲೆಗೆ) ಬೊಂಬೆ ತಯಾರಿ. ಆದರೆ ಅವರನ್ನು ಇಬ್ಬರು ದೊಡ್ಡವರ ಲೆಕ್ಕಕ್ಕೆ ಸೇರಿಸಬೇಡಿ, ಅವರೂ ಇನ್ನೂ ಮಕ್ಕಳೇ. ವಿಬಿಎಸ್‌ಗೆ ಅಕ್ಕಪಕ್ಕದ ಬೇರೆ ಧರ್ಮದ ಮಕ್ಕಳು ಬರುವುದಾದರೆ ಅಲ್ಲಿ ಏನು ನಡೆಯುತ್ತದೆ ಎಂದು ಮನೆಯವರಿಗೆ ಸ್ಪಷ್ಟವಾಗಿ ತಿಳಿಸಿ, ಸಹಿ ಪಡೆದೇ ಸೇರಿಸಿಕೊಳ್ಳಿ.

ಮಾರ್ಚಿನಲ್ಲಿ ಪರೀಕ್ಷೆ, ಭಾನುವಾರದ ಟ್ಯೂಷನ್ನು ಎಂದು ಹಾಜರಿ ಇಳಿಯುತ್ತದೆ. ಆ ತಿಂಗಳು ದೊಡ್ಡ ಗುಂಪಿನ ತರಗತಿಯನ್ನು ಅರ್ಧ ಗಂಟೆಗೆ ಇಳಿಸಿ, ನಿಲ್ಲಿಸಬೇಡಿ. ಹಾಜರಿ ಪುಸ್ತಕವನ್ನು ಕೂಗುವುದಕ್ಕಷ್ಟೇ ಬಳಸದೆ ಪ್ರತಿ ಭಾನುವಾರ ತರಗತಿ ಮುಗಿದ ಮೇಲೆ ಟೀಚರುಗಳೆಲ್ಲ ಐದು ನಿಮಿಷ ಕೂತು ನೋಡಿ. ಒಂದು ವಾರ ಬಾರದಿದ್ದರೆ ಮನೆಗೆ ಫೋನ್ ಮಾಡಿ. ಎರಡು ವಾರ ಬಾರದಿದ್ದರೆ ಮಂಗಳವಾರವೋ ಬುಧವಾರವೋ ಸಂಜೆ ಇಬ್ಬರು ಟೀಚರುಗಳು ಮನೆಗೆ ಹೋಗಿ ಬನ್ನಿ. ಏಕೆ ಬರಲಿಲ್ಲ ಎಂದು ಕೇಳಬೇಡಿ, ತಪ್ಪಿಹೋದ ಕಥೆಯ ಚಿತ್ರದ ಹಾಳೆಯನ್ನು ಮಗುವಿನ ಕೈಗೆ ಕೊಟ್ಟು, ಚಹಾ ಕೊಟ್ಟರೆ ಕುಡಿದು ಬನ್ನಿ.